ನಮ್ಮ ಪೋಸ್ಟುಗಳನ್ನು ಎಐ ತರಬೇತಿಗೆ ಬಳಸಬೇಡಿ ಎಂದು ಹೇಳುವುದು ಹೇಗೆ, ಹೇಳಿದರೆ ಯಾರು ಕೇಳುತ್ತಾರೆ?

ಬೀಸುಕಲ್ಲು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬಂದಿತು. "ನನ್ನ ಫೋಟೊ, ಬರಹ, ಧ್ವನಿ ಯಾವುದನ್ನೂ ಕೃತಕ ಬುದ್ಧಿಮತ್ತೆಗೆ ಬಳಸಲು ನಾನು ಅನುಮತಿ ಕೊಟ್ಟಿಲ್ಲ" ಎಂಬ ಒಂದು ಘೋಷಣೆಯನ್ನು ಎಲ್ಲರೂ ತಮ್ಮ ತಮ್ಮ ಪುಟದಲ್ಲಿ ಹಾಕಿಕೊಳ್ಳಬೇಕು, ಹಾಕದಿದ್ದರೆ ಮೌನವೇ ಒಪ್ಪಿಗೆಯಾಗುತ್ತದೆ ಎಂದು ಅದರಲ್ಲಿತ್ತು. ನಮ್ಮ ಚಿಕ್ಕಪ್ಪನವರಿಂದ ಹಿಡಿದು ಸೊಸೆಯಂದಿರವರೆಗೆ ಎಲ್ಲರೂ ಅದನ್ನು ಹಾಕಿಕೊಂಡರು. ನಾನು ಮಾತ್ರ ಹಾಕದೆ ಯೋಚಿಸುತ್ತ ಕುಳಿತೆ.

ನನ್ನ ಚಿಂತೆಗೆ ಕಾರಣವಿದೆ. ನಮ್ಮ ಅಮ್ಮನಿಗೆ ಈಗ 78 ವರ್ಷ, ಊರು ಶಿರಾದ ಹತ್ತಿರ. ರಾಗಿ ಬೀಸುವ ಪದ, ಸೋಬಾನೆ ಪದ, ಹಸೆಗೆ ಕರೆಯುವ ಪದ ಎಂದು ಅವರಿಗೆ ನೂರಾರು ಹಾಡುಗಳು ಬಾಯಲ್ಲೇ ಇವೆ. ಏಳು ವರ್ಷಗಳಿಂದ ನಾನು ಅವುಗಳನ್ನು ಬರೆದುಕೊಂಡು, ಅವರು ಹಾಡುವುದನ್ನು ಮೊಬೈಲಿನಲ್ಲಿ ಹಿಡಿದು, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಪುಟಗಳಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತ ಬಂದಿದ್ದೇನೆ. ಅವರ ಮುಖ, ಧ್ವನಿ, ಹೆಸರು, ಊರು ಎಲ್ಲವೂ ಅಲ್ಲಿವೆ. ಅಮ್ಮನಿಗೆ ಸ್ಮಾರ್ಟ್‌ಫೋನ್ ಬಳಸಲು ಬರುವುದಿಲ್ಲ.

ತಿಳಿದವರು ದಯವಿಟ್ಟು ಮೂರು ವಿಷಯ ತಿಳಿಸಿ. ಆ ಘೋಷಣೆಗೆ ಬೆಲೆಯಿದೆಯೇ? ಇಲ್ಲವಾದರೆ ನಿಜವಾಗಿ "ಬೇಡ" ಎಂದು ಹೇಳುವ ದಾರಿ ಯಾವುದು? ಹಾಗೆ ಹೇಳಿದರೆ, ಮೊದಲೇ ಅಂತರ್ಜಾಲದಲ್ಲಿ ಕಡಿಮೆಯಿರುವ ಕನ್ನಡಕ್ಕೆ ನಾನು ಅನ್ಯಾಯ ಮಾಡಿದಂತಾಗುತ್ತದೆಯೇ?

ಮ್ಯೂನಿಕ್ ಕನ್ನಡಿಗ

ಮೊದಲನೆಯ ಪ್ರಶ್ನೆಗೆ ಉತ್ತರ ನೇರವಾಗಿದೆ: ಆ ಘೋಷಣೆಗೆ ಕಾನೂನಿನ ಬಲವಿಲ್ಲ. ಇದೇ ಬಗೆಯ ಇಂಗ್ಲಿಷ್ ಸಂದೇಶವೊಂದು 2024ರ ಸೆಪ್ಟೆಂಬರಿನಲ್ಲಿ ಜಗತ್ತಿನಾದ್ಯಂತ ಹರಡಿತ್ತು, ಹೆಸರಾಂತ ನಟರೂ ಕ್ರೀಡಾಪಟುಗಳೂ ಅದನ್ನು ಹಾಕಿಕೊಂಡಿದ್ದರು. ಖಾತೆ ತೆರೆಯುವಾಗ ನಾವು ಒಪ್ಪಿಕೊಂಡ ಕರಾರನ್ನು ನಮ್ಮದೇ ಗೋಡೆಯ ಮೇಲೆ ಬರೆದ ಮಾತು ಬದಲಿಸುವುದಿಲ್ಲ. ಆದರೆ ಅದನ್ನು ಹಾಕಿಕೊಂಡವರನ್ನು ತಿಳಿಗೇಡಿಗಳೆಂದು ಯಾರೂ ಎಣಿಸಬಾರದು. ಬೇಡವೆನ್ನಲು ಸರಿಯಾದ ಬಾಗಿಲು ಕಾಣದಿದ್ದಾಗ ಜನ ಸಿಕ್ಕ ಗೋಡೆಯ ಮೇಲೆ ಬರೆಯುತ್ತಾರೆ.

ಯೂರೋಪಿನಲ್ಲಿ ಆ ಬಾಗಿಲು ಹೇಗೆ ತೆರೆಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕೇಳಿದ್ದರಿಂದ ಮಾತ್ರ ಅದು ತೆರೆಯಿತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳ ಒಡೆತನದ ಮೆಟಾ ಸಂಸ್ಥೆಯು 2024ರ ಜೂನ್ 26ರಿಂದ ಇಲ್ಲಿನ ಬಳಕೆದಾರರ ಸಾರ್ವಜನಿಕ ಪೋಸ್ಟುಗಳನ್ನು ಎಐ ತರಬೇತಿಗೆ, ಅಂದರೆ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಕಲಿಸಲು, ಬಳಸುವುದಾಗಿ ತಿಳಿಸಿತ್ತು. ಸಮ್ಮತಿ ಕೇಳುವ ಬದಲು, ತನಗೆ "ನ್ಯಾಯಸಮ್ಮತ ಹಿತಾಸಕ್ತಿ" ಇದೆ ಎಂಬ ಕಾನೂನಿನ ಕಲಮನ್ನು ಅದು ಮುಂದಿಟ್ಟಿತು. ಒಪ್ಪದವರು ಒಂದು ಆಕ್ಷೇಪಣಾ ಅರ್ಜಿಯನ್ನು ತುಂಬಬಹುದಾಗಿತ್ತು, ಆದರೆ ಈ ಬಳಕೆಯಿಂದ ತಮಗೆ ಏನು ತೊಂದರೆ ಎಂಬುದನ್ನು ಅದರಲ್ಲಿ ವಿವರಿಸಬೇಕಾಗಿತ್ತು. ಖಾಸಗಿತನದ ಹಕ್ಕಿಗಾಗಿ ಹೋರಾಡುವ ವಿಯೆನ್ನಾದ ನೊಯ್ಬ್ ಎಂಬ ಸಂಘಟನೆ ಜೂನ್ 6ರಂದು 11 ದೇಶಗಳಲ್ಲಿ ದೂರು ಸಲ್ಲಿಸಿತು. ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗವು ಕೇಳಿಕೊಂಡ ಮೇಲೆ ಜೂನ್ 14ರಂದು ಮೆಟಾ ಆ ಯೋಜನೆಯನ್ನು ತಡೆಹಿಡಿಯಿತು.

ಅದು ಮತ್ತೆ ಆರಂಭವಾದದ್ದು ಸುಮಾರು ಒಂದು ವರ್ಷದ ನಂತರ, 2025ರ ಮೇ 27ರಂದು. ಅಷ್ಟರೊಳಗೆ ಅರ್ಜಿ ಸರಳವಾಗಿತ್ತು, ಕಾರಣ ಕೊಡಬೇಕಾದ ಅಗತ್ಯವಿರಲಿಲ್ಲ. ಜರ್ಮನಿಯ ಗ್ರಾಹಕ ಸಂಘಟನೆಯೊಂದು ಇದನ್ನು ನಿಲ್ಲಿಸಲು ಕಲೋನ್ ನಗರದ ಮೇಲ್ಮನವಿ ನ್ಯಾಯಾಲಯಕ್ಕೆ ಹೋದಾಗ ಮೇ 23ರಂದು ಅದರ ಕೋರಿಕೆ ತಿರಸ್ಕೃತವಾಯಿತು. ನಾನು ಮೇ ತಿಂಗಳ ಎರಡನೆಯ ವಾರದಲ್ಲೇ ಅರ್ಜಿ ತುಂಬಿದೆ, ಹತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ಒಂದು ಮಾತು ನೆನಪಿನಲ್ಲಿರಲಿ: ನಾನು ಬೇಡವೆಂದರೂ, ನನ್ನ ಗೆಳೆಯನೊಬ್ಬ ತನ್ನ ಸಾರ್ವಜನಿಕ ಪುಟದಲ್ಲಿ ನನ್ನ ಫೋಟೊ ಹಾಕಿದರೆ ಅದು ತರಬೇತಿಗೆ ಹೋಗಬಹುದು ಎಂದು ಸಂಸ್ಥೆಯೇ ಹೇಳಿದೆ.

ಬೀಸುಕಲ್ಲು

ವಿವರವಾಗಿ ಬರೆದುದಕ್ಕೆ ಧನ್ಯವಾದಗಳು. ಈ ಆಕ್ಷೇಪಣಾ ಅರ್ಜಿ ಶಿರಾದಲ್ಲಿ ಕುಳಿತವರಿಗೂ ಸಿಗುತ್ತದೆಯೇ?

ಕಾನೂನು ವಿದ್ಯಾರ್ಥಿನಿ

ಯೂರೋಪಿನ ಕಾನೂನು ಕೊಟ್ಟ ಆ ಹಕ್ಕು ಇಲ್ಲಿರುವವರಿಗೆ ಇಲ್ಲ, ಅಕ್ಕ. ಇದು ನಮ್ಮ ದೇಶದ ಕೊರತೆ ಮಾತ್ರವಲ್ಲ. 2024ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಸೆನೆಟ್ ವಿಚಾರಣೆಯಲ್ಲಿ ಮೆಟಾದ ಖಾಸಗಿತನ ವಿಭಾಗದ ಮುಖ್ಯಸ್ಥೆಯು, ವಯಸ್ಕರು 2007ರಿಂದ ಸಾರ್ವಜನಿಕವಾಗಿ ಹಾಕಿದ ಪೋಸ್ಟುಗಳನ್ನು ತಾವಾಗಿ ಖಾಸಗಿ ಮಾಡಿಕೊಳ್ಳದಿದ್ದರೆ ಸಂಸ್ಥೆ ಬಳಸಿಕೊಂಡಿದೆ ಎಂದು ಒಪ್ಪಿಕೊಂಡರು. ಯೂರೋಪಿನವರಿಗೆ ಕೊಟ್ಟ ಆಯ್ಕೆಯನ್ನು ಆಸ್ಟ್ರೇಲಿಯಾದವರಿಗೆ ಕೊಟ್ಟಿಲ್ಲವೇಕೆ ಎಂಬ ಪ್ರಶ್ನೆಗೆ, ಅಲ್ಲಿನ ಕಾನೂನು ಬೇರೆಯಾಗಿದೆ ಎಂಬುದೇ ಉತ್ತರವಾಗಿತ್ತು. ಬ್ರೆಜಿಲ್‌ನಲ್ಲಿ ದತ್ತಾಂಶ ಪ್ರಾಧಿಕಾರವು 2024ರ ಜುಲೈನಲ್ಲಿ ದಿನಕ್ಕೆ 50,000 ರಿಯಲ್ ದಂಡದ ಎಚ್ಚರಿಕೆಯೊಂದಿಗೆ ತರಬೇತಿಯನ್ನು ನಿಲ್ಲಿಸಿತು. ಜನರಿಗೆ ಸ್ಪಷ್ಟವಾಗಿ ತಿಳಿಸಿ, ಆಕ್ಷೇಪಿಸುವ ದಾರಿಯನ್ನು ಸುಲಭಗೊಳಿಸಲು ಸಂಸ್ಥೆ ಒಪ್ಪಿದ ಮೇಲೆ ಆಗಸ್ಟ್ ಕೊನೆಯಲ್ಲಿ ಆ ತಡೆಯನ್ನು ತೆಗೆಯಿತು. ಎಂದರೆ, ಯಾವ ದೇಶ ಗಟ್ಟಿಯಾಗಿ ಕೇಳಿತೋ ಆ ದೇಶದ ಜನರಿಗೆ ದಾರಿ ಸಿಕ್ಕಿತು.

ಇನ್ನು ನಮ್ಮ ಕಾನೂನು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಕನ್ನಡನಾಡಿನ ಹಿರಿಯರೊಬ್ಬರ ಹೆಸರಿನಲ್ಲಿ ಇಡೀ ದೇಶದ ಖಾಸಗಿತನದ ಹಕ್ಕು ನಿಂತಿದೆ ಎಂಬುದನ್ನು ನಾನು ತರಗತಿಯಲ್ಲಿ ಓದಿದಾಗಲೆಲ್ಲ ಅಭಿಮಾನ ಪಟ್ಟಿದ್ದೇನೆ. ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಸಂಸ್ಥೆಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ಮೇಲೆ ಜಾರಿಗೆ ಬರುತ್ತವೆ.

ತೊಡಕಿರುವುದು ಆ ಕಾಯ್ದೆಯ ಮೂರನೆಯ ಸೆಕ್ಷನ್ನಿನಲ್ಲಿ. ವ್ಯಕ್ತಿಯೊಬ್ಬರು ತಮ್ಮ ವೈಯಕ್ತಿಕ ದತ್ತಾಂಶವನ್ನು ತಾವೇ ಸಾರ್ವಜನಿಕಗೊಳಿಸಿದ್ದರೆ ಅದಕ್ಕೆ ಈ ಕಾಯ್ದೆಯೇ ಅನ್ವಯವಾಗುವುದಿಲ್ಲ. ಕಾಯ್ದೆ ಕೊಟ್ಟಿರುವ ಉದಾಹರಣೆಯೂ ಇದೇ: ಒಬ್ಬಾಕೆ ತನ್ನ ಅಭಿಪ್ರಾಯಗಳನ್ನು ಬರೆಯುತ್ತ ತನ್ನ ವಿವರಗಳನ್ನು ಸಾಮಾಜಿಕ ಮಾಧ್ಯಮದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದಾಳೆ, ಆದ್ದರಿಂದ ಅವುಗಳ ಬಳಕೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನಾಲ್ಕು ಜನ ಓದಲಿ ಎಂದು ಹಾಕಿದ್ದನ್ನು ಯಂತ್ರವೊಂದು ಅರೆದು ಕುಡಿಯಲಿ ಎಂದೂ ಹಾಕಿದಂತೆ ಎಣಿಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಾತ್ರೆಯಲ್ಲಿ ಹಾಡುವವರನ್ನು ಯಾರು ಬೇಕಾದರೂ ನಿಂತು ಕೇಳಬಹುದು, ಆದರೆ ಕೇಳಲು ಬಿಟ್ಟವರು ಆ ಕೊರಳಿನ ಅಚ್ಚು ತೆಗೆದುಕೊಳ್ಳಲೂ ಒಪ್ಪಿದ್ದಾರೆ ಎಂದು ಹೇಳಲಾಗದು.

ಆದರೆ ಆ ಸೆಕ್ಷನ್ನಿನ ಮಾತುಗಳನ್ನು ಗಮನವಿಟ್ಟು ಓದಿದರೆ ನಿಮ್ಮ ಅಮ್ಮನವರ ವಿಷಯದಲ್ಲಿ ಒಂದು ಎಳೆ ಸಿಗುತ್ತದೆ. ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾದದ್ದನ್ನು ಬಿಟ್ಟರೆ, ದತ್ತಾಂಶ ಯಾರದೋ ಅವರೇ ಪ್ರಕಟಿಸಿರಬೇಕು, ಅಥವಾ ಅವರೇ ಪ್ರಕಟಿಸುವಂತೆ ಮಾಡಿಸಿರಬೇಕು. ಮುಖವೂ ಧ್ವನಿಯೂ ಅಮ್ಮನವರದು, ಹಾಕಿದವರು ನೀವು. ಅವರು ಹಾಕಿಸಲಿಲ್ಲ, ನೀವೇ ಹಾಕಿದಿರಿ ಎಂದಾದರೆ ಆ ವಿನಾಯಿತಿ ಅವರಿಗೆ ಅನ್ವಯಿಸಬಾರದು ಎಂಬುದು ನನ್ನ ಓದು. ಇದು ವಿದ್ಯಾರ್ಥಿನಿಯೊಬ್ಬಳ ಓದು ಮಾತ್ರ, ವಕೀಲರ ಸಲಹೆಯೆಂದು ತೆಗೆದುಕೊಳ್ಳಬೇಡಿ.

ಹುಬ್ಬಳ್ಳಿ ಗಣಕ

ಕಾನೂನು ದಾರಿಗೆ ಬರುವವರೆಗೆ ಕೈಯಲ್ಲಿರುವುದನ್ನು ಮಾಡಿಕೊಳ್ಳೋಣ. ನಾನು ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೇನೆ, ಬಂದವರಿಗೆ ಹೇಳಿಕೊಡುವುದನ್ನೇ ಇಲ್ಲಿಯೂ ಬರೆಯುತ್ತೇನೆ.

ಲಿಂಕ್ಡ್‌ಇನ್ ಇದ್ದರೆ, ಸೆಟ್ಟಿಂಗ್ಸ್‌ನಲ್ಲಿ ಡೇಟಾ ಪ್ರೈವಸಿ ಎಂಬ ಭಾಗಕ್ಕೆ ಹೋದರೆ ಜನರೇಟಿವ್ ಎಐ ಸುಧಾರಣೆಗೆ ದತ್ತಾಂಶ ಎಂಬರ್ಥದ ಗುಂಡಿಯಿದೆ. ಅದು ಮೊದಲೇ ಆನ್ ಆಗಿರುತ್ತದೆ, ನೀವೇ ಆಫ್ ಮಾಡಬೇಕು. 2024ರ ಸೆಪ್ಟೆಂಬರಿನಲ್ಲಿ ಜನ ಇದನ್ನು ಗಮನಿಸಿ ಗದ್ದಲ ಮಾಡಿದ ಮೇಲೆಯೇ ಹೆಚ್ಚಿನವರಿಗೆ ಇದರ ಅರಿವಾದದ್ದು. ಎಕ್ಸ್‌ನಲ್ಲಿ, ಅಂದರೆ ಹಿಂದಿನ ಟ್ವಿಟರ್‌ನಲ್ಲಿ, ಪ್ರೈವಸಿ ಆ್ಯಂಡ್ ಸೇಫ್ಟಿ ಭಾಗದೊಳಗೆ ಅದರ ಎಐ ಆದ ಗ್ರೋಕ್‌ನ ಹೆಸರಿನಡಿ ಅಂಥದೇ ಗುರುತು ಇದೆ, ಅದನ್ನೂ ತೆಗೆಯಬೇಕು. ಚಾಟ್‌ಜಿಪಿಟಿ ಬಳಸುವವರು ಡೇಟಾ ಕಂಟ್ರೋಲ್ಸ್‌ಗೆ ಹೋಗಿ, ಎಲ್ಲರಿಗಾಗಿ ಮಾದರಿಯನ್ನು ಸುಧಾರಿಸಿ ಎಂಬರ್ಥದ ಆಯ್ಕೆಯನ್ನು ಆಫ್ ಮಾಡಬಹುದು.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ನಮಗಿರುವ ಗಟ್ಟಿ ದಾರಿಯೆಂದರೆ ಪೋಸ್ಟನ್ನು ಸ್ನೇಹಿತರಿಗೆ ಮಾತ್ರ ಸೀಮಿತಗೊಳಿಸುವುದು, ಖಾತೆಯನ್ನು ಖಾಸಗಿ ಮಾಡುವುದು. ತರಬೇತಿಗೆ ಬಳಸುವುದು ಸಾರ್ವಜನಿಕ ಪೋಸ್ಟು, ಫೋಟೊ, ಕಮೆಂಟುಗಳನ್ನು ಎಂದು ಸಂಸ್ಥೆ ಹೇಳುತ್ತದೆ. ಮನೆಯವರ ಜೊತೆಗಿನ ಖಾಸಗಿ ಸಂದೇಶಗಳನ್ನು ಬಳಸುವುದಿಲ್ಲ ಎನ್ನುತ್ತದೆ, ಆದರೆ ಚಾಟಿನ ನಡುವೆ ಮೆಟಾ ಎಐಯನ್ನು ಕರೆದು ಅದಕ್ಕೆ ತೋರಿಸಿದ್ದು ಬೇರೆ ಮಾತು. ಫೇಸ್‌ಬುಕ್ಕಿನಲ್ಲಿ ಹಳೆಯ ಪೋಸ್ಟುಗಳನ್ನೆಲ್ಲ ಒಂದೇ ಸಲ ಸ್ನೇಹಿತರಿಗೆ ಸೀಮಿತಗೊಳಿಸುವ ಆಯ್ಕೆ ವೈಯಕ್ತಿಕ ಖಾತೆಗಿದೆ. ಪುಟ ಮಾಡಿಕೊಂಡಿರುವವರಿಗೆ ಅದು ಒದಗುವುದಿಲ್ಲ, ಏಕೆಂದರೆ ಪುಟವಿರುವುದೇ ಎಲ್ಲರಿಗೂ ಕಾಣಲೆಂದು.

ಒಂದು ಕಹಿ ಸತ್ಯವನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಇವೆಲ್ಲ ಇಂದಿನಿಂದ ಮುಂದಕ್ಕೆ ಮಾತ್ರ. ಈಗಾಗಲೇ ತರಬೇತಿಯಲ್ಲಿ ಬೆರೆತುಹೋದದ್ದನ್ನು ಹಿಂದಕ್ಕೆ ಪಡೆಯಲಾಗದು, ಲಿಂಕ್ಡ್‌ಇನ್ ಇದನ್ನು ಸ್ಪಷ್ಟವಾಗಿಯೇ ತಿಳಿಸಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಅನ್ನಿಸಬಹುದು, ಆದರೆ ನಾಳೆ ಹಾಕುವ ಫೋಟೊಗೆ ಇಂದು ಹಾಕಿದ ಬಾಗಿಲು ಆಗುತ್ತದೆ.

ಭಾಷಾ ತಂತ್ರಜ್ಞ

ನಾನು ಬೆಂಗಳೂರಿನಲ್ಲಿ ಭಾರತೀಯ ಭಾಷೆಗಳ ಎಐ ಮಾದರಿಗಳ ಮೇಲೆ ಕೆಲಸ ಮಾಡುತ್ತೇನೆ. ನಿಮ್ಮ ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ನಾನು ಮುಟ್ಟುತ್ತೇನೆ, ಕೆಲವರಿಗೆ ಹಿಡಿಸದಿದ್ದರೂ.

2011ರ ಜನಗಣತಿಯ ಪ್ರಕಾರ ಕನ್ನಡ ಸುಮಾರು 4.37 ಕೋಟಿ ಜನರ ತಾಯ್ನುಡಿ. ಆದರೆ ಕನ್ನಡ ವಿಕಿಪೀಡಿಯದಲ್ಲಿರುವುದು 30 ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಲೇಖನಗಳು, ಇಂಗ್ಲಿಷಿನಲ್ಲಿ 70 ಲಕ್ಷವನ್ನೂ ದಾಟಿವೆ. ಸಿಗುವ ಕನ್ನಡದಲ್ಲಿ ಬಹುಪಾಲು ಸುದ್ದಿ ಬರಹ ಮತ್ತು ಯಂತ್ರಾನುವಾದ. ಶಿರಾ ಕಡೆಯ ಮಾತು, ಧಾರವಾಡದ ಮಾತು, ಕುಂದಾಪುರದ ಮಾತು ಅಂತರ್ಜಾಲದ ಬರಹದಲ್ಲಿ ಹೆಚ್ಚಾಗಿ ಸಿಗುವುದು ಸಾಮಾಜಿಕ ಮಾಧ್ಯಮದಲ್ಲಿ. ಅಂಥವರೆಲ್ಲ ಹೊರಗುಳಿದರೆ ನಾಳಿನ ಯಂತ್ರ ಮಾತನಾಡುವುದು ಇಂಗ್ಲಿಷಿನಿಂದ ಇಳಿಸಿದ, ಯಾರ ಮನೆಯಲ್ಲೂ ಆಡದ ಕನ್ನಡವನ್ನು. ರೈತನೊಬ್ಬ ತನ್ನ ಮಾತಿನಲ್ಲಿ ಕೇಳಿದ ಪ್ರಶ್ನೆ ಅದಕ್ಕೆ ಅರ್ಥವಾಗುವುದಿಲ್ಲ. ನಿಮ್ಮ ಅಮ್ಮನವರ ಪದಗಳಲ್ಲಿ ಯಾವ ನಿಘಂಟಿಗೂ ಸೇರದ ಮಾತುಗಳಿರಬಹುದು. ಇದನ್ನು ತೂಗಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ವಿಕಿ ಸಂಪಾದಕಿ

ತಂತ್ರಜ್ಞರೇ, ನಿಮ್ಮ ಕಳಕಳಿ ನನಗೂ ಇದೆ, ಹತ್ತು ವರ್ಷಗಳಿಂದ ಬಿಡುವಿನ ವೇಳೆಯನ್ನೆಲ್ಲ ಕನ್ನಡ ವಿಕಿಪೀಡಿಯಕ್ಕೆ ಕೊಟ್ಟಿದ್ದೇನೆ. ಆದರೆ ನಿಮ್ಮ ವಾದದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ. ಕನ್ನಡಕ್ಕೆ ಬೇಕು ಎಂಬುದರಿಂದ, ಹೇಳದೆ ತೆಗೆದುಕೊಳ್ಳಬಹುದು ಎಂಬ ತೀರ್ಮಾನಕ್ಕೆ ಬರಲಾಗದು. ಬೀಜ ಕಡಿಮೆಯಾಗಿದೆ ಎಂದು ಪಕ್ಕದ ಮನೆಯ ಕಣಜಕ್ಕೆ ಯಾರೂ ಕೈ ಹಾಕುವುದಿಲ್ಲ, ಹೋಗಿ ಕೇಳುತ್ತಾರೆ, ಹಳ್ಳಿಯಲ್ಲಿ ಕೇಳಿದರೆ ಇಲ್ಲವೆನ್ನುವವರೂ ಅಪರೂಪ.

ನಾನು ವಿಕಿಪೀಡಿಯಕ್ಕೆ ಬರೆಯುವಾಗ, ಪ್ರಕಟಿಸುವ ಗುಂಡಿಯ ಪಕ್ಕದಲ್ಲೇ ಪರವಾನಗಿಯ ಮಾತು ಇರುತ್ತದೆ: ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು, ಮೂಲವನ್ನು ಹೇಳಬೇಕು, ತಿದ್ದಿ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ಎಐ ಸಂಸ್ಥೆಗಳು ಅದನ್ನು ತರಬೇತಿಗೆ ಬಳಸುತ್ತವೆ ಎಂದು ಗೊತ್ತಿದ್ದೇ ಬರೆಯುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನ ತಮ್ಮ ಧ್ವನಿಯನ್ನು ತಿಳಿದೇ ಕೊಡುತ್ತಾರೆ. ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಹೆಣ್ಣುಮಕ್ಕಳಿಗೆ ಹಣ ಕೊಟ್ಟು ಕನ್ನಡ ಧ್ವನಿ ಮುದ್ರಿಸಿಕೊಂಡಿದೆ, ಆ ದತ್ತಾಂಶ ಮತ್ತೆ ಮಾರಾಟವಾದರೆ ಅವರಿಗೂ ಪಾಲು ಸಲ್ಲುವ ಏರ್ಪಾಡು ಮಾಡಿದೆ. ಕೇಳಿ ಪಡೆಯುವ ದಾರಿ ನಿಧಾನ, ದುಬಾರಿ, ಆದರೆ ಇದೆ. ಇರುವಾಗ, ಮೊದಲೇ ಆನ್ ಮಾಡಿಟ್ಟ ಗುಂಡಿಯೊಂದನ್ನು ಸೆಟ್ಟಿಂಗ್ಸ್‌ನ ನಾಲ್ಕನೆಯ ಪದರದಲ್ಲಿ ಇಟ್ಟು, ಅದನ್ನು ಹುಡುಕದವರೆಲ್ಲ ಒಪ್ಪಿದ್ದಾರೆ ಎಂದು ಲೆಕ್ಕ ಹಿಡಿಯುವುದನ್ನು ನಾವು ಕನ್ನಡದ ಹೆಸರಿನಲ್ಲಿ ಸಮರ್ಥಿಸಬಾರದು. ಮೊಮ್ಮಕ್ಕಳ ಫೋನಿನಲ್ಲಿ ಖಾತೆ ತೆರೆಸಿಕೊಂಡ ಅಜ್ಜಿಯೊಬ್ಬರು ಇಂಗ್ಲಿಷಿನಲ್ಲಿರುವ ಆ ಗುಂಡಿಯನ್ನು ಹುಡುಕಿ ಓದುತ್ತಾರೆಯೇ?

ಹೈಸ್ಕೂಲ್ ಮೇಷ್ಟ್ರು

ಚರ್ಚೆಯನ್ನು ಮೊದಲಿನಿಂದ ಓದಿದೆ. ನನ್ನ ಸಂಕಟವನ್ನೂ ಇಲ್ಲಿ ಹೇಳುತ್ತೇನೆ. ನಾನು ಕೆಲಸ ಮಾಡುವ ಶಾಲೆಗೆ ಒಂದು ಸಾರ್ವಜನಿಕ ಪುಟವಿದೆ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಫಲಿತಾಂಶ ಹೀಗೆ ಎಲ್ಲದಕ್ಕೂ ಮಕ್ಕಳ ಫೋಟೊ, ಹೆಸರು, ತರಗತಿ ಸಮೇತ ಹಾಕುತ್ತೇವೆ. ಪೋಷಕರು ಹೆಮ್ಮೆಪಡುತ್ತಾರೆ ಎಂಬುದು ನಿಜ. ಆದರೆ 2024ರ ಜೂನ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಘಟನೆಯು ಲಯಾನ್-5ಬಿ ಎಂಬ ಚಿತ್ರಸಂಗ್ರಹದಲ್ಲಿ ಬ್ರೆಜಿಲ್‌ನ ಮಕ್ಕಳ 170 ಚಿತ್ರಗಳನ್ನು ಕಂಡಿತು. ಅದು ಎಐ ಮಾದರಿಗಳ ತರಬೇತಿಗೆ ಬಳಕೆಯಾದ, 585 ಕೋಟಿ ಚಿತ್ರಗಳ ಕೊಂಡಿಗಳಿರುವ ಸಂಗ್ರಹ. ಅದರಲ್ಲಿ ಅವರು ಪರಿಶೀಲಿಸಿದ್ದು ಶೇ 0.0001ಕ್ಕಿಂತಲೂ ಕಡಿಮೆ ಭಾಗವನ್ನು. ಕೆಲವು ಚಿತ್ರಗಳ ಜೊತೆಯ ವಿವರದಿಂದ ಮಗುವಿನ ಗುರುತನ್ನೇ ಹಿಡಿಯಬಹುದಾಗಿತ್ತು. ಅದನ್ನು ಓದಿದ ರಾತ್ರಿ ನಮ್ಮ ಶಾಲೆಯ ಪುಟವನ್ನು ತೆರೆದು ಐದು ವರ್ಷದ ಹಿಂದಿನವರೆಗೆ ನೋಡುತ್ತ ಹೋದೆ. ಅದರಲ್ಲಿ ಬಹಳಷ್ಟು ಫೋಟೊಗಳನ್ನು ಹಾಕಿದವನು ನಾನೇ.

ಕಾನೂನು ವಿದ್ಯಾರ್ಥಿನಿ

ಮೇಷ್ಟ್ರೇ, 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಖಚಿತ ಸಮ್ಮತಿ ಬೇಕು ಎಂದು ಹೊಸ ಕಾಯ್ದೆಯ ಒಂಬತ್ತನೆಯ ಸೆಕ್ಷನ್ ಹೇಳುತ್ತದೆ. ಫೋಟೊವನ್ನು ಮಗುವಾಗಲಿ ಪೋಷಕರಾಗಲಿ ಹಾಕಿಲ್ಲ, ಶಾಲೆ ಹಾಕಿದೆ, ಆದ್ದರಿಂದ "ತಾವೇ ಸಾರ್ವಜನಿಕಗೊಳಿಸಿದ್ದಾರೆ" ಎಂಬ ವಿನಾಯಿತಿ ಇಲ್ಲಿಗೂ ಸಲ್ಲದು ಎಂದೇ ನನ್ನ ಓದು. ಕಾನೂನು ಪೂರ್ತಿ ಜಾರಿಗೆ ಬರಲಿ ಎಂದು ಕಾಯಬೇಕಿಲ್ಲ. ಹೆಸರನ್ನೂ ತರಗತಿಯನ್ನೂ ತೆಗೆಯಿರಿ, ಮುಖ ಹತ್ತಿರದಿಂದ ಕಾಣುವ ಫೋಟೊಗಳನ್ನು ಪೋಷಕರ ಗುಂಪಿಗೆ ಮಾತ್ರ ಕಳುಹಿಸಿರಿ.

ಭಾಷಾ ತಂತ್ರಜ್ಞ

ವಿಕಿ ಸಂಪಾದಕಿಯವರ ಮಾತನ್ನು ಎರಡು ದಿನ ಯೋಚಿಸಿದೆ. ಕೇಳಿ ಪಡೆಯಬೇಕು ಎಂಬುದನ್ನು ಒಪ್ಪುತ್ತೇನೆ, ನನ್ನ ಹಿಂದಿನ ಬರಹದಲ್ಲಿ ಭಾರವನ್ನೆಲ್ಲ ಕೊಡುವವರ ಮೇಲೆ ಹಾಕಿದ್ದು ತಪ್ಪಾಯಿತು. ನನ್ನ ಕ್ಷೇತ್ರದ ಒಂದು ಸಂಗತಿಯನ್ನು ನಾನು ಆಗಲೇ ಹೇಳಬೇಕಾಗಿತ್ತು. ತರಬೇತಿಯೆಂದರೆ ಪಠ್ಯವನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವುದಲ್ಲ, ಅದರಿಂದ ಕೋಟ್ಯಂತರ ಸಂಖ್ಯೆಗಳು ಒಂದಿಷ್ಟಿಷ್ಟು ಬದಲಾಗುತ್ತವೆ. ಆದ್ದರಿಂದಲೇ ಒಬ್ಬರ ಬರಹವನ್ನು ಆಮೇಲೆ ಬೇರ್ಪಡಿಸಿ ತೆಗೆಯುವುದು ಇಷ್ಟು ಕಷ್ಟ. ಹಾಗೆಂದು ಮೂಲ ಕರಗಿಯೇ ಹೋಗುತ್ತದೆ ಎನ್ನುವಂತೆಯೂ ಇಲ್ಲ. ಜಿಪಿಟಿ-2 ಎಂಬ ಹಳೆಯ ಎಐ ಮಾದರಿಯಿಂದ ಅದರ ತರಬೇತಿ ಪಠ್ಯದ ನೂರಾರು ತುಣುಕುಗಳನ್ನು ಅಕ್ಷರಶಃ ಇದ್ದ ಹಾಗೆಯೇ ಹೊರತೆಗೆಯಬಹುದೆಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಅವುಗಳಲ್ಲಿ ಜನರ ಹೆಸರು, ಫೋನ್ ಸಂಖ್ಯೆಗಳಿದ್ದವು, ಕೆಲವು ಇಡೀ ಸಂಗ್ರಹದ ಒಂದೇ ಒಂದು ದಾಖಲೆಯಲ್ಲಿ ಮಾತ್ರ ಇದ್ದಂಥವು.

ಆದ್ದರಿಂದ, ಅಕ್ಕ, ಹಾಡಿನ ಪಠ್ಯವನ್ನು ಕೊಡಲು ಮನಸ್ಸಿದ್ದರೆ ಅದನ್ನು ಮುಖ, ಧ್ವನಿ, ಊರಿನ ಗುರುತುಗಳಿಂದ ಬೇರ್ಪಡಿಸಿ ಕೊಡಬಹುದು. ಹೆಸರು ಉಳಿಯಬೇಕೆಂದರೆ ಅದನ್ನೂ ಪರವಾನಗಿಯ ಷರತ್ತಾಗಿ ಸೇರಿಸಬಹುದು. ಎರಡನ್ನೂ ನೀವೇ ನಿರ್ಧರಿಸಬೇಕು.

ಬೀಸುಕಲ್ಲು

ಎಲ್ಲರಿಗೂ ಕೃತಜ್ಞತೆಗಳು. ಕಾನೂನು ವಿದ್ಯಾರ್ಥಿನಿಯವರ "ಹಾಕಿದವರು ನೀವು" ಎಂಬ ಮಾತು ನನ್ನನ್ನು ಬಿಡಲಿಲ್ಲ. ಶನಿವಾರ ಊರಿಗೆ ಹೋಗಿ, ಜಗಲಿಯ ಮೇಲೆ ಅಮ್ಮನ ಪಕ್ಕ ಕುಳಿತು, ನನ್ನ ಫೋನಿನಲ್ಲಿ ಅವರಿಗೆ ಅವರದೇ ಪದಗಳನ್ನು ಒಂದೊಂದಾಗಿ ಕೇಳಿಸಿದೆ. ಇವು ಎಲ್ಲೆಲ್ಲಿ ಹೋಗುತ್ತವೆ, ಯಾರು ಕೇಳುತ್ತಾರೆ, ಯಂತ್ರವೊಂದು ಇವುಗಳಿಂದ ಹೇಗೆ ಮಾತು ಕಲಿಯುತ್ತದೆ ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಏಳು ವರ್ಷಗಳಲ್ಲಿ ನಾನು ಅವರನ್ನು ಹೀಗೆ ಕೇಳಿದ್ದು ಇದೇ ಮೊದಲು.

ಅವರಿಗೆ ಗಾಬರಿಯೇನೂ ಆಗಲಿಲ್ಲ. "ಬೀಸೋ ಪದ ನಂದಲ್ಲ ಕಣವ್ವ, ನಮ್ಮತ್ತೆ ಹೇಳಿಕೊಟ್ಟಿದ್ದು, ಅವ್ರಿಗೆ ಅವ್ರತ್ತೆ. ಕಲೀತೀನಿ ಅಂದೋರಿಗೆ ಇಲ್ಲ ಅನ್ನಬಾರದು" ಎಂದರು. ಹಸೆಯ ಪದ, ಸೋಬಾನೆ ಎಲ್ಲಕ್ಕೂ ಅದೇ ಮಾತು. ಆದರೆ ನಾನು ಐದು ವರ್ಷದ ಹಿಂದೆ ಹಾಕಿದ್ದ ಒಂದು ಹಾಡು ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಲು ಹೇಳಿದರು. ಅದು ನನಗಿಂತ ಮೊದಲು ಹುಟ್ಟಿ ಉಳಿಯದೆ ಹೋದ ನಮ್ಮಣ್ಣನ ಮೇಲೆ ಅವರೇ ಕಟ್ಟಿಕೊಂಡ ಪದ. "ಇದನ್ನ ನಿಂಗೆ ಅಂತ ಹೇಳಿದ್ದೆ" ಎಂದರು. ಅದಕ್ಕೆ ಸಾವಿರಕ್ಕೂ ಹೆಚ್ಚು ಜನ ಮೆಚ್ಚುಗೆ ಒತ್ತಿದ್ದಾರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಪದವನ್ನೂ, ಅಂಥವೇ ಇನ್ನೂ ನಾಲ್ಕನ್ನೂ ಅಂದೇ ಅಳಿಸಿದೆ. ಎಷ್ಟು ಕಡೆ ಈಗಾಗಲೇ ಸೇರಿವೆಯೋ ಅದು ನನ್ನ ಕೈಯಲ್ಲಿಲ್ಲ. ಪುಟವನ್ನು ಮುಚ್ಚಿ, ಉಳಿದವುಗಳನ್ನು ನೆಂಟರು ಮತ್ತು ಪರಿಚಿತರಷ್ಟೇ ಇರುವ ಖಾಸಗಿ ಗುಂಪಿಗೆ ಸಾಗಿಸುತ್ತಿದ್ದೇನೆ. ಬೀಸುವ ಪದಗಳ ಪಠ್ಯವನ್ನು ಅಮ್ಮನ ಹೆಸರಿನೊಂದಿಗೆ, ಅಜ್ಜಿಯ ಹೆಸರಿನೊಂದಿಗೆ ಮುಕ್ತ ಪರವಾನಗಿಯಲ್ಲಿ ಕೊಡಲು ಅಮ್ಮ ಒಪ್ಪಿದ್ದಾರೆ. ವಿಕಿ ಸಂಪಾದಕಿಯವರು ಅದಕ್ಕೆ ಸರಿಯಾದ ಜಾಗ ಯಾವುದೆಂದು ದಯವಿಟ್ಟು ತಿಳಿಸಿ. ಅವುಗಳಲ್ಲಿ ಎರಡು ಪದ ಮಾತ್ರ ನಮ್ಮ ಸೋದರತ್ತೆ ಹೇಳಿಕೊಟ್ಟವು ಎಂದು ಅಮ್ಮ ನೆನಪಿಸಿದರು. ಅವರು ಮಧುಗಿರಿಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ, ಫೋನಿನಲ್ಲಿ ಕೇಳುವ ಮಾತಲ್ಲ. ಬರುವ ಭಾನುವಾರ ಅಲ್ಲಿಗೆ ಹೋಗುತ್ತಿದ್ದೇನೆ.